ಅರ್ಕಾವೊತ್ತು ಗೊತ್ತಿರುವ ಕಂಪ್ಯೂಟರ್

ಬೆಂಗಳೂರಿನ ಎಸ್.ಪಿ. ರೋಡಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕಿಕೊಂಡು ಹೋದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಅಲ್ಲಿರುವ ಎಷ್ಟೋ ಯಂತ್ರಗಳಲ್ಲಿ ದೋಷವೇ ಇಲ್ಲ. ಕಂಪನಿಗಳು ಲೀಸ್ ಮುಗಿದ ಮೇಲೆ ಲಾಟ್ ಲೆಕ್ಕದಲ್ಲಿ ಹೊರಗೆ ಹಾಕಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳವು. ಗಟ್ಟಿಮುಟ್ಟಾದ ಕೀಲಿಮಣೆ, ಒಳ್ಳೆಯ ಪರದೆ, ಆರನೆಯದೋ ಏಳನೆಯದೋ ತಲೆಮಾರಿನ ಇಂಟೆಲ್ ಪ್ರೊಸೆಸರ್, 8 ಜಿಬಿ ರ‍್ಯಾಮ್. ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳು ಪಾಠ ನೋಡಲು ಇನ್ನೂ ಎಷ್ಟೋ ವರ್ಷ ಬಾಳುವಂಥವು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶ ಇಟ್ಟರು, ಅದೂ 2026ರ ಅಕ್ಟೋಬರ್ 13ರ ತನಕ ಮಾತ್ರ.

ಯಂತ್ರ ಸವೆದಿಲ್ಲ. ಮಾಲೀಕರಿಗೂ ಅದು ಸಾಕಾಗಿಲ್ಲ. ಆದರೂ ಅದರ ಆಯಸ್ಸು ಇಷ್ಟೇ ಎಂದು ಬೇರೆ ಯಾರೋ ಗೆರೆ ಎಳೆದುಬಿಟ್ಟರು. ಇಂಥ ಯಂತ್ರಗಳಲ್ಲಿ ವಿಂಡೋಸ್ ಬದಲು ಓಡಬಲ್ಲ ಲಿನಕ್ಸ್ ಬಗ್ಗೆ ಬರೆಯಲು ಹೊರಟಾಗ ನನ್ನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದು: ಮೇಜಿನ ಮೇಲಿರುವ ಯಂತ್ರ ಯಾರ ಮಾತು ಕೇಳಬೇಕು?

ನನ್ನ ನಿತ್ಯದ ಕೆಲಸವೆಲ್ಲ ನಡೆಯುವುದು ಲಿನಕ್ಸ್ ಮೇಲೆ. ಬರವಣಿಗೆ, ಮೇಲ್, ಬ್ಯಾಂಕ್ ವ್ಯವಹಾರ, ಕರೆಂಟ್ ಬಿಲ್, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಓದು, ರಾತ್ರಿ ನೋಡುವ ಸಿನಿಮಾ, ಎಲ್ಲವೂ. ಇದನ್ನು ಹೇಳಿದರೆ ಕೇಳಿದವರು ಸಾಮಾನ್ಯವಾಗಿ ಎರಡರಲ್ಲೊಂದು ಮಾತು ಹೇಳುತ್ತಾರೆ. ‘ಅದು ಇಂಜಿನಿಯರುಗಳಿಗೆ ಅಲ್ವಾ?’ ಅನ್ನುವುದು ಒಂದು. ‘ಪುಕ್ಕಟೆ ಸಿಗುತ್ತೆ ಅಂತ ತಾನೇ?’ ಅನ್ನುವುದು ಇನ್ನೊಂದು.

ಎರಡನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಹಣ ಉಳಿಯುತ್ತದೆ ಎಂಬ ವಾದ ನಮ್ಮ ದೇಶದಲ್ಲಿ ಎಂದೂ ಗಟ್ಟಿಯಾಗಿ ನಿಂತಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಸಿಸ್ಟಂ ಸ್ಲೋ ಆಯಿತೆಂದು ಪಕ್ಕದ ಅಂಗಡಿಗೆ ಒಯ್ದರೆ ‘ಬಿಟ್ಟೋಗಿ ಸಾರ್, ಫಾರ್ಮ್ಯಾಟ್ ಹೊಡ್ದು ಕೊಡ್ತೀನಿ’ ಅನ್ನುತ್ತಾರೆ. ಸಂಜೆಗೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ತುಂಬಿಸಿಕೊಂಡು ಬರುತ್ತದೆ. ಒಂದಕ್ಕೂ ಲೈಸೆನ್ಸ್ ಇರುವುದಿಲ್ಲ. ಸೈಬರ್ ಸೆಂಟರುಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಪರದೆಯ ಬಲಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಬೂದುಬಣ್ಣದ ಅಕ್ಷರಗಳನ್ನು ನೋಡಿ ನೋಡಿ ಅದು ಪರದೆಯದ್ದೇ ಭಾಗ ಎನ್ನುವಷ್ಟು ಅಭ್ಯಾಸವಾಗಿದೆ. ಕದ್ದ ಮಾಲು ಪುಕ್ಕಟೆ ಸಿಗುವ ಕಡೆ ಕದಿಯದೆ ಪುಕ್ಕಟೆ ಸಿಗುವುದಕ್ಕೆ ಬೆಲೆ ಹುಟ್ಟುವುದು ಕಷ್ಟ. ಕ್ರ್ಯಾಕ್ ಮಾಡಿದ ತಂತ್ರಾಂಶದ ಜತೆ ಏನೇನು ಒಳಗೆ ಬಂತು ಎಂದು ತಿಳಿಯುವ ದಾರಿ ನಮಗಿಲ್ಲ. ಅದೇ ಯಂತ್ರದಲ್ಲಿ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ. ಹಾಗಾಗಿ ಲಿನಕ್ಸ್ ಹಾಕಿಕೊಳ್ಳಿ ಎಂದು ನಾನು ಹೇಳುವುದು ದುಡ್ಡಿನ ಕಾರಣಕ್ಕಲ್ಲ. ಅದು ಒಳಗೇನಿದೆ ಎಂದು ತೆರೆದು ತೋರಿಸುತ್ತದೆ, ಕೆಟ್ಟರೆ ಸರಿಪಡಿಸುವ ಹಕ್ಕನ್ನು ಬಳಸುವವರಿಗೇ ಕೊಡುತ್ತದೆ. ಈ ಹಕ್ಕಿನಿಂದ ಕನ್ನಡಕ್ಕೆ ಏನು ದಕ್ಕಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಹೆಲ್ಸಿಂಕಿಯಿಂದ ಅಂಚೆಯಲ್ಲಿ ಬಂದ ಸಿಡಿ ತನಕ

ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 1983ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್, ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಒಂದು ಪೂರ್ತಿ ಕಾರ್ಯಾಚರಣ ವ್ಯವಸ್ಥೆ ಕಟ್ಟುತ್ತೇನೆಂದು ಘೋಷಿಸಿದರು. ಗ್ನೂ ಎಂದು ಅದರ ಹೆಸರು. ಉಪಕರಣಗಳೆಲ್ಲ ಒಂದೊಂದಾಗಿ ಸಿದ್ಧವಾದರೂ ಯಂತ್ರದ ಜತೆ ನೇರ ಮಾತಾಡುವ ತಿರುಳು, ಕರ್ನಲ್, ಬಾಕಿ ಉಳಿದಿತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕಾಗಿ ಅಂಥದ್ದೊಂದನ್ನು ಬರೆಯುತ್ತಿದ್ದೇನೆಂದು ಇಂಟರ್‌ನೆಟ್ಟಿನ ಚರ್ಚಾಗುಂಪೊಂದರಲ್ಲಿ ತಿಳಿಸಿದರು. ಅದೇ ಲಿನಕ್ಸ್. ಮರುವರ್ಷ ಅದನ್ನು ಸ್ಟಾಲ್ಮನ್ ರೂಪಿಸಿದ್ದ ಜಿಪಿಎಲ್ ಪರವಾನಗಿಯಡಿ ತಂದರು. ತಿದ್ದಿದವರು ತಿದ್ದುಪಡಿಯೊಡನೆ ಹಂಚುವಾಗ ಮೂಲಸಂಕೇತವನ್ನೂ ಕೊಡಲೇಬೇಕು ಎನ್ನುವುದು ಆ ಪರವಾನಗಿಯ ಜೀವಾಳ. ಮುಂದೆ ನಡೆದದ್ದಕ್ಕೆಲ್ಲ ಈ ಒಂದು ನಿಬಂಧನೆ ಬೆನ್ನೆಲುಬು.

ತಿರುಳೊಂದೇ ಇದ್ದರೆ ಜನ ಬಳಸಲಾರರು. ತಿರುಳು, ಉಪಕರಣ, ಕಿಟಕಿ, ಮೆನು, ಆಫೀಸು, ಬ್ರೌಸರ್ ಎಲ್ಲ ಸೇರಿಸಿ ಕಟ್ಟಿಕೊಟ್ಟ ಕಟ್ಟನ್ನು ಡಿಸ್ಟ್ರೋ ಅನ್ನುತ್ತಾರೆ. 1993ರಲ್ಲಿ ಡೆಬಿಯನ್ ಬಂತು. 2004ರ ಅಕ್ಟೋಬರಿನಲ್ಲಿ ಡೆಬಿಯನ್ ಆಧರಿಸಿ ಉಬುಂಟು ಬಂತು. ಆ ಕಾಲದಲ್ಲಿ ಇಂಜಿನಿಯರಿಂಗ್ ಓದಿದವರಿಗೆ ನೆನಪಿರುತ್ತದೆ: ಹೆಸರು, ವಿಳಾಸ ಕೊಟ್ಟರೆ ಉಬುಂಟು ಸಿಡಿ ವಿದೇಶದಿಂದ ಅಂಚೆಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು, ಒಂದು ಪೈಸೆ ಕೊಡಬೇಕಿರಲಿಲ್ಲ. 2011ರವರೆಗೂ ಈ ಅಂಚೆ ನಡೆಯಿತು. ಇಂಟರ್‌ನೆಟ್ ದುಬಾರಿಯಾಗಿದ್ದ ಆ ದಿನಗಳಲ್ಲಿ ಹಾಸನ, ದಾವಣಗೆರೆಯ ಹಾಸ್ಟೆಲುಗಳ ಮಟ್ಟಿಗೆ ಇಂಥ ಸಿಡಿಯೇ ದೊಡ್ಡ ದಾರಿ.

ಬೆಂಗಳೂರಿಗೆ ಈ ಕಥೆಯಲ್ಲಿ ಒಳ್ಳೆಯ ಪಾತ್ರವೇ ಇದೆ. ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಶುರುಮಾಡಿದ ‘ಲಿನಕ್ಸ್ ಬೆಂಗಳೂರು’ ಸಮಾವೇಶ ಮುಂದೆ ‘ಫಾಸ್ ಡಾಟ್ ಇನ್’ ಎಂದಾಗಿ, ಏಷ್ಯಾದ ಮುಕ್ತ ತಂತ್ರಾಂಶದ ಮಂದಿ ಎದುರುನೋಡುವ ಕೂಟವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬಡವರ ಕೈಗೆಟುಕಲೆಂದು ರೂಪಿಸಿದ ಸಿಂಪ್ಯೂಟರ್ ಓಡಿದ್ದೂ ಲಿನಕ್ಸ್ ಮೇಲೆಯೇ. ಸ್ಮಾರ್ಟ್‌ಫೋನ್ ಎಂಬ ಮಾತು ಮನೆಮಾತಾಗುವ ಮೊದಲೇ ಅಂಗೈಯಗಲದ ಸ್ಪರ್ಶಪರದೆಯ ಯಂತ್ರ ನಮ್ಮೂರಲ್ಲಿ ಹುಟ್ಟಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಇಂದು ಆಂಡ್ರಾಯ್ಡ್ ಫೋನು ಹಿಡಿದವರೆಲ್ಲರ ಕೈಯಲ್ಲಿ ಇರುವುದು ಲಿನಕ್ಸ್ ತಿರುಳೇ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಐನೂರಕ್ಕೆ ಐನೂರೂ ಲಿನಕ್ಸ್. ಮೇಜಿನ ಕಂಪ್ಯೂಟರುಗಳಲ್ಲಿ ಮಾತ್ರ, ಸ್ಟಾಟ್‌ಕೌಂಟರ್ ಲೆಕ್ಕದ ಪ್ರಕಾರ, 2024ರ ಫೆಬ್ರುವರಿಯಲ್ಲಿ ಶೇ 4 ದಾಟಿದ್ದೇ ಸುದ್ದಿಯಾಯಿತು.

ಪೆನ್‌ಡ್ರೈವ್ ಒಂದು ಸಾಕು

‘ಇಂಜಿನಿಯರುಗಳಿಗೆ ಅಲ್ವಾ?’ ಎಂಬ ಪ್ರಶ್ನೆಗೆ ಬರುತ್ತೇನೆ. ಒಂದು ಕಾಲಕ್ಕೆ ಆ ಮಾತು ನಿಜವಿತ್ತು. ಈಗ ಹಾಗಿಲ್ಲ, ಮತ್ತು ಅದನ್ನು ನಂಬಿ ಎಂದು ಹೇಳಬೇಕಾಗಿಲ್ಲ, ನೀವೇ ನೋಡಬಹುದು. ಉಬುಂಟು, ಲಿನಕ್ಸ್ ಮಿಂಟ್ ಅಥವಾ ಫೆಡೋರಾದ ಐಎಸ್‌ಒ ಕಡತ ಇಳಿಸಿಕೊಂಡು, 8 ಜಿಬಿಯ ಒಂದು ಪೆನ್‌ಡ್ರೈವಿಗೆ ಬರೆದು, ಯಂತ್ರ ಆನ್ ಮಾಡುವಾಗ ಎಫ್12 ಒತ್ತಿ (ಕೆಲವು ಯಂತ್ರಗಳಲ್ಲಿ ಎಫ್9 ಅಥವಾ ಎಸ್ಕೇಪ್) ಆ ಪೆನ್‌ಡ್ರೈವನ್ನು ಆಯ್ದರೆ ಇಡೀ ವ್ಯವಸ್ಥೆ ಅದರಿಂದಲೇ ಓಡುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಏನನ್ನೂ ಅದು ಮುಟ್ಟುವುದಿಲ್ಲ. ವೈಫೈ ಸಿಗುತ್ತದೆಯೇ, ಸ್ಪೀಕರ್ ಸದ್ದು ಮಾಡುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಪ್ರಿಂಟರ್ ಸ್ಪಂದಿಸುತ್ತದೆಯೇ, ಎಲ್ಲ ಪರೀಕ್ಷಿಸಿ, ಬೇಡವೆನಿಸಿದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದರೆ ಹಳೆಯ ವಿಂಡೋಸ್ ಇದ್ದಲ್ಲೇ ಇರುತ್ತದೆ. ಬೇಕೆನಿಸಿದರೂ ಅವಸರ ಬೇಡ: ಹೊಸದನ್ನು ಕೂರಿಸುವ ಮುನ್ನ ಫೋಟೋ, ದಾಖಲೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪಾದರೆ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿಸಿ. ನನ್ನ ಅನುಭವದಲ್ಲಿ ಹಳೆಯ ಯಂತ್ರಕ್ಕೆ ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದು.

ಆಮೇಲೆ ದಿನ ಹೇಗೆ ಕಳೆಯುತ್ತದೆ? ನಿಜ ಹೇಳಬೇಕೆಂದರೆ, ಕಾರ್ಯಾಚರಣ ವ್ಯವಸ್ಥೆ ಯಾವುದೆಂಬುದೇ ಮರೆತುಹೋಗುತ್ತದೆ. ನಮ್ಮ ಕೆಲಸದ ಬಹುಭಾಗ ಬ್ರೌಸರಿನೊಳಗೆ ಸೇರಿಕೊಂಡಿದೆ; ಫೈರ್‌ಫಾಕ್ಸ್, ಕ್ರೋಮ್ ಎಲ್ಲೆಡೆಯೂ ಒಂದೇ. ಬರವಣಿಗೆಗೆ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್. ವರ್ಡ್‌ನ ಡಾಕ್ಸ್ ಕಡತಗಳನ್ನೂ ತೆರೆಯುತ್ತದೆ, ಉಳಿಸುತ್ತದೆ. ಕ್ಲಿಷ್ಟ ವಿನ್ಯಾಸದ ಕಡತವಾದರೆ ಅಲ್ಲಲ್ಲಿ ಸಾಲು ಜಾರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಚಿತ್ರಕ್ಕೆ ಜಿಂಪ್, ಇಂಕ್‌ಸ್ಕೇಪ್, ಧ್ವನಿಗೆ ಅಡಾಸಿಟಿ, ವಿಡಿಯೋಗೆ ಕೆಡೆನ್‌ಲೈವ್. ನಕ್ಷೆ ಬಿಡಿಸುವವರಿಗೆ ಕ್ಯೂಜಿಐಎಸ್. ಮೂರು ಆಯಾಮದ ಅನಿಮೇಷನ್‌ಗೆ ಬ್ಲೆಂಡರ್: 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ‘ಫ್ಲೋ’ ತಯಾರಾದದ್ದು ಈ ಮುಕ್ತ ತಂತ್ರಾಂಶದಲ್ಲಿ. ಕನ್ನಡದ ಮಟ್ಟಿಗೆ ನಾನು ತುಂಬ ನೆಚ್ಚಿಕೊಂಡಿರುವುದು ಟೆಸೆರಾಕ್ಟ್ ಅನ್ನು. ಹಳೆಯ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಚಿತ್ರದಲ್ಲಿರುವ ಕನ್ನಡವನ್ನು ಓದಿ ತಿದ್ದಬಹುದಾದ ಪಠ್ಯವನ್ನಾಗಿ ಕೊಡುತ್ತದೆ. ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, ಆಮೇಲೆ ಗೂಗಲ್ ಆಸರೆಯಲ್ಲಿ ಬೆಳೆದದ್ದು. ಅಚ್ಚು ಸ್ವಚ್ಛವಿದ್ದರೆ ಅಚ್ಚರಿಯಾಗುವಷ್ಟು ಸರಿಯಾಗಿ ಓದುತ್ತದೆ. ಮೊಳೆಯಚ್ಚಿನ ಕಾಲದ ಮಾಸಿದ ಪುಟಗಳಲ್ಲಿ ಒತ್ತಕ್ಷರಗಳನ್ನು ಕಲಸುತ್ತದೆ.

ಅಪ್‌ಡೇಟ್ ಬಗ್ಗೆ ಒಂದು ಮಾತು. ಲಿನಕ್ಸಿನಲ್ಲಿ ಹೆಚ್ಚಿನ ತಂತ್ರಾಂಶಗಳು ಒಂದೇ ಉಗ್ರಾಣದಿಂದ ಬರುತ್ತವೆ, ಒಟ್ಟಿಗೇ ಹೊಸದಾಗುತ್ತವೆ. ಯಾವಾಗ ಹೊಸದಾಗಬೇಕು ಎನ್ನುವುದನ್ನು ನಾವು ಹೇಳುತ್ತೇವೆ. ಮಧ್ಯಾಹ್ನದ ಹೊತ್ತಿಗೆ ವರದಿ ಕಳಿಸಬೇಕಾದಾಗ ನೀಲಿ ಪರದೆಯ ಮೇಲೆ ಶೇಕಡಾವಾರು ಏರುವುದನ್ನು ನೋಡುತ್ತ ಕೂತ ಅನುಭವ ಇದ್ದವರಿಗೆ ಈ ಸ್ವಾತಂತ್ರ್ಯದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ರ ಮೊದಲೋ, ಯ ಮೊದಲೋ

ಈಗ ಕನ್ನಡಕ್ಕೆ ಬರೋಣ. ‘ಕಾರ್ಯ’ ಎಂದು ಬರೆಯುವಾಗ ‘ರ್’ ಅಕ್ಷರ ಯಕಾರದ ಬಲಕ್ಕೆ ಅರ್ಕಾವೊತ್ತಾಗಿ ಹೋಗಿ ಕೂರುತ್ತದೆ. ಆದರೆ ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಮೇಲೆಯೇ ನಿಂತು ಯಕಾರ ಕೆಳಗೆ ಒತ್ತಾಗಬೇಕು. ಕಾಗದದ ಮೇಲೆ ಕೈ ತಾನಾಗಿ ಬರೆಯುತ್ತದೆ. ಕಂಪ್ಯೂಟರಿಗೆ ಎರಡೂ ಒಂದೇ ಸರಣಿ: ರ, ವಿರಾಮ (ಸ್ವರವಿಲ್ಲ ಎಂದು ಸೂಚಿಸುವ ಚಿಹ್ನೆ), ಯ. ಈ ಎರಡನ್ನು ಬೇರ್ಪಡಿಸಲು ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ರಕಾರಕ್ಕೂ ವಿರಾಮಕ್ಕೂ ನಡುವೆ ಇಡಬೇಕು. ಜೀರೋ ವಿಡ್ತ್ ಜಾಯ್ನರ್ ಎಂದು ಅದರ ಹೆಸರು. ಸಮಸ್ಯೆ ಏನೆಂದರೆ, ಹಿಂದೆ ಎಷ್ಟೋ ಕಡೆ ಇದನ್ನು ವಿರಾಮದ ಆಚೆಗಿಟ್ಟು ಟೈಪ್ ಮಾಡುವ ರೂಢಿಯೂ ಇತ್ತು. ಹಾಗೆ ಬರೆದಿಟ್ಟ ಹಳೆಯ ಕನ್ನಡ ಪಠ್ಯವನ್ನು ಹೊಸ ತಂತ್ರಾಂಶ ತೆರೆದರೆ ಅಕ್ಷರ ಒಡೆದು ಕಾಣುವ ಸಂಭವ.

ಲಿನಕ್ಸಿನಲ್ಲಿ ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಕೆಲಸ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ್ದು. ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್ ಇದರ ಮುಖ್ಯ ಶಿಲ್ಪಿ. ಅದರಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಕಡತವನ್ನು ತೆರೆದು ನೋಡಿದರೆ, ನಡುವೆ ಕನ್ನಡಕ್ಕಾಗಿ ಮಾತ್ರ ಬರೆದ ಕೆಲವು ಸಾಲುಗಳು ಸಿಗುತ್ತವೆ. ಕನ್ನಡದ ಹಳೆಯ ರೂಢಿಗೆ ಹೊಂದಿಕೆಯಾಗಲೆಂದು, ವಿರಾಮದ ಆಚೆ ಇರುವ ಆ ಕಾಣದ ಸಂಕೇತವನ್ನು ಈಚೆಗೆ ತಂದು ಓದಿಕೊಳ್ಳಬೇಕು ಎನ್ನುವ ಸೂಚನೆ ಅಲ್ಲಿದೆ. ತೊಂದರೆ ದಾಖಲಾಯಿತು, ಚರ್ಚೆಯಾಯಿತು, ಸಾಲುಗಳು ಸೇರಿದವು. ಹಾರ್ಫ್‌ಬಜ್ ಲಿನಕ್ಸಿಗಷ್ಟೇ ಸೀಮಿತವಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಮುಕ್ತವಾಗಿ ನಡೆದ ಒಂದು ಸಣ್ಣ ತಿದ್ದುಪಡಿ ವಾಟ್ಸ್ಆ್ಯಪ್‌ನಲ್ಲಿ ‘ರ‍್ಯಾಲಿ’ ಎಂದು ಓದುವ ಕೋಲಾರದ ರೈತರ ಫೋನಿನ ತನಕ ಮುಟ್ಟುವುದು ಹೀಗೆ. ಸಂಕೇತ ಮುಚ್ಚಿಟ್ಟ ತಂತ್ರಾಂಶದಲ್ಲಿ ಇದೇ ದೋಷ ಕಂಡಿದ್ದರೆ ನಾವು ಮಾಡಬಹುದಾಗಿದ್ದದ್ದು ದೂರು ಕೊಟ್ಟು ಕಾಯುವುದಷ್ಟೇ.

ಟೈಪಿಂಗಿನ ಕಥೆ ಇನ್ನೂ ಹತ್ತಿರದ್ದು. ಕಿನ್ನಿಕಂಬಳ ಪದ್ಮನಾಭ ರಾಯರು, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸಿತು. ಸರ್ಕಾರಿ ಕಚೇರಿಯ ಟೈಪಿಸ್ಟರಿಂದ ಪತ್ರಿಕೆಯ ಉಪಸಂಪಾದಕರ ತನಕ ಎಲ್ಲರ ಬೆರಳುಗಳಿಗೂ ಅದೇ ರೂಢಿ. ಲಿನಕ್ಸಿನಲ್ಲಿ ಇದಕ್ಕಾಗಿ ಏನನ್ನೂ ಹೊರಗಿನಿಂದ ತಂದು ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ಭಾಷೆಗಳ ಪಟ್ಟಿ ತೆರೆದು ಹುಡುಕಿದರೆ ‘ಕನ್ನಡ, ಕಗಪ’ ಎಂದು ಕಾಣಿಸುತ್ತದೆ. ಆಯ್ದುಕೊಂಡು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’. ಐಬಸ್ ಎಂಬ ವ್ಯವಸ್ಥೆಯೊಳಗೂ ಇದೇ ವಿನ್ಯಾಸ ಇದೆ, ಇಂಗ್ಲಿಷ್ ಉಚ್ಚಾರಣೆಯಂತೆ ಟೈಪ್ ಮಾಡುವವರಿಗೆ ಬೇರೆ ಆಯ್ಕೆ ಇದೆ, ಇನ್‌ಸ್ಕ್ರಿಪ್ಟ್ ಇದೆ. ಮಂಗಳೂರಿನ ನೆಲದಿಂದ ಬಂದ ಒಬ್ಬರು ಕೂಡಿಸಿದ ಅಕ್ಷರಕ್ರಮ ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಒಳಗೇ ಇರುತ್ತದೆ ಎಂಬುದು ನನಗೆ ಇವತ್ತಿಗೂ ಹೆಮ್ಮೆ ತರುವ ವಿಷಯ.

ಫಾಂಟುಗಳೂ ಹಾಗೆಯೇ. ಲೋಹಿತ್ ಕನ್ನಡ, ಕನ್ನಡಿಗರೇ ಕೂತು ತಿದ್ದಿದ ಗುಬ್ಬಿ ಮತ್ತು ನವಿಲು, ಗೂಗಲಿನ ನೋಟೋ. ಶೀರ್ಷಿಕೆಗೆ ಬೇಕೆಂದರೆ ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಂಬ ಹೆಸರಿನವು. ಎಲ್ಲವನ್ನೂ ಪುಸ್ತಕಕ್ಕೆ, ಪೋಸ್ಟರಿಗೆ, ವ್ಯಾಪಾರಕ್ಕೆ ನಿಶ್ಚಿಂತೆಯಿಂದ ಬಳಸಬಹುದು.

ಎಲ್ಲಿ ಎಡವುತ್ತೇವೆ

ಹಾಗಾದರೆ ನಮ್ಮ ಊರುಗಳ ಕಚೇರಿ, ಅಂಗಡಿಗಳಲ್ಲಿ ಏಕೆ ಕಾಣುವುದಿಲ್ಲ? ಕಾರಣಗಳು ಗಟ್ಟಿ ಇವೆ, ಅವನ್ನು ಹಗುರ ಮಾಡಿ ಹೇಳಿದರೆ ಓದುಗರಿಗೆ ಮೋಸ.

ಮೊದಲನೆಯದು ಟ್ಯಾಲಿ. ಬೆಂಗಳೂರಿನಲ್ಲೇ ಹುಟ್ಟಿ ದೇಶದ ಅಂಗಡಿಗಳ ಲೆಕ್ಕಪುಸ್ತಕವೇ ಆಗಿಹೋದ ಈ ತಂತ್ರಾಂಶ ವಿಂಡೋಸ್‌ಗೆಂದು ಬರೆದದ್ದು. ಆಡಿಟರು ಟ್ಯಾಲಿಯ ಬ್ಯಾಕಪ್ ಕೇಳುತ್ತಿರುವ ತನಕ ಒಬ್ಬ ಸಣ್ಣ ವ್ಯಾಪಾರಿಗೆ ಲಿನಕ್ಸ್‌ಗೆ ಬನ್ನಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುಂಬೈಯ ಫ್ರಾಪೆ ಕಂಪನಿ ಕಟ್ಟಿದ ಇಆರ್‌ಪಿನೆಕ್ಸ್ಟ್ ಮುಕ್ತವಾದದ್ದು, ಬ್ರೌಸರಿನಲ್ಲೇ ನಡೆಯುತ್ತದೆ, ಜಿಎಸ್‌ಟಿಯನ್ನೂ ನಿಭಾಯಿಸುತ್ತದೆ. ಆದರೆ ಹೊಸ ವ್ಯವಸ್ಥೆಗೆ ಲೆಕ್ಕ ಬದಲಿಸುವುದು ಒಂದು ಭಾನುವಾರದ ಕೆಲಸವಲ್ಲ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇನ್ನೊಂದು ತಲೆನೋವು. ಟೆಂಡರು, ಕಂಪನಿ ರಿಟರ್ನು ಸಲ್ಲಿಸುವವರಿಗೆ ಅದು ಬೇಕೇಬೇಕು. ಕೆಲವು ಟೋಕನುಗಳಿಗೆ ಲಿನಕ್ಸ್ ಡ್ರೈವರ್ ಇದೆ, ಕೆಲವಕ್ಕೆ ಇದ್ದರೂ ಜಾಲತಾಣ ಒಪ್ಪುವುದಿಲ್ಲ. ಪ್ರಿಂಟರುಗಳಲ್ಲೂ ಇದೇ ತಾರತಮ್ಯ. ಕೆಲವು ಕಂಪನಿಗಳ ಪ್ರಿಂಟರ್ ತಂತಿ ಸಿಕ್ಕಿಸಿದೊಡನೆ ಮುದ್ರಿಸುತ್ತದೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಮನೆಮಾತಾದ ಒಂದು ಪುಟ್ಟ ಲೇಸರ್ ಪ್ರಿಂಟರ್ ಎಷ್ಟು ಒಲಿಸಿದರೂ ಹಟ ಹಿಡಿಯುತ್ತದೆ. ಕೊಳ್ಳುವ ಮೊದಲು ವಿಚಾರಿಸುವುದೇ ದಾರಿ.

ಎಲ್ಲಕ್ಕಿಂತ ದೊಡ್ಡ ತೊಡಕು ನಾವೇ ಕಟ್ಟಿಕೊಂಡದ್ದು. ಎರಡು ದಶಕಕ್ಕೂ ಹೆಚ್ಚು ಕಾಲ ಕರ್ನಾಟಕದ ಕಚೇರಿಗಳು, ಮುದ್ರಣಾಲಯಗಳು, ಪ್ರಕಾಶಕರು ಕನ್ನಡವನ್ನು ಯೂನಿಕೋಡಲ್ಲದ ಫಾಂಟುಗಳಲ್ಲಿ ಬರೆದಿಟ್ಟರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಆದೇಶಪತ್ರ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಉಳಿಯುವುದಿಲ್ಲ. ನುಡಿ, ಬರಹ ತಂತ್ರಾಂಶಗಳೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅವು ವಿಂಡೋಸ್‌ಗೆಂದೇ ಬಂದವು ಎನ್ನುವುದೂ ನಿಜ. ಇಂಥ ಹಳೆಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡದ ಯುವಕರೇ ಬರೆದಿದ್ದಾರೆ, ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಇಲಾಖೆಗಳು ತಮ್ಮ ಹಳೆಯ ಕಡತಗಳನ್ನು ಪರಿವರ್ತಿಸಿಕೊಳ್ಳುವ ಮನಸ್ಸು ಮಾಡಬೇಕಷ್ಟೆ. ಪುಟವಿನ್ಯಾಸದಲ್ಲಿ ಪೇಜ್‌ಮೇಕರ್ ಬಿಡಲೊಲ್ಲದ ಡಿಟಿಪಿ ಗೆಳೆಯರಿಗೆ ಹೇಳಬೇಕಾದ ಸುದ್ದಿಯೂ ಇದೆ: ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶ 2024ರ ಜನವರಿಯಲ್ಲಿ ಬಂದ 1.6ನೇ ಆವೃತ್ತಿಯಿಂದ ಒತ್ತಕ್ಷರಗಳಿರುವ ಲಿಪಿಗಳನ್ನು ಸರಿಯಾಗಿ ಕೂಡಿಸುತ್ತದೆ. ಒಳಗಿರುವುದು ಮೇಲೆ ಹೇಳಿದ ಅದೇ ಹಾರ್ಫ್‌ಬಜ್.

ಗಡಿಯಾಚೆಯ ಶಾಲೆ

ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಗು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆ. ಗಡಿಯ ಈಚೆ, ಮಂಗಳೂರಿನಲ್ಲಿ, ಹಾಗಿಲ್ಲ. ಕೇರಳ 2000ದ ದಶಕದ ಆರಂಭದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರುಮಾಡಿದಾಗ ಅಲ್ಲೂ ಪಾಠ ವಿಂಡೋಸಿನದ್ದೇ ಇತ್ತು. ಶಿಕ್ಷಕರ ಒತ್ತಾಯ, ಸ್ವತಂತ್ರ ತಂತ್ರಾಂಶ ಚಳವಳಿಯವರ ಪಟ್ಟು, ರಾಜಕೀಯ ಇಚ್ಛೆ ಮೂರೂ ಕೂಡಿ ಆ ದಶಕ ಮುಗಿಯುವಷ್ಟರಲ್ಲಿ ಶಾಲೆಗಳು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಿರುಗಿದವು. ಸರ್ಕಾರ ಬದಲಾದರೂ ನೀತಿ ಬದಲಾಗಲಿಲ್ಲ. ಈಗ ‘ಕೈಟ್’ ಎಂಬ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದು ಡಿಸ್ಟ್ರೋ ಕಟ್ಟುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದನ್ನು ಹಾಕಿದ್ದರಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು ಆ ಸಂಸ್ಥೆ ಲೆಕ್ಕ ಕೊಟ್ಟಿದೆ. ಲೆಕ್ಕದ ಬಗ್ಗೆ ಯಾರಾದರೂ ವಾದಿಸಬಹುದು. ನನಗೆ ಮುಖ್ಯವೆನಿಸುವುದು ಶಿಕ್ಷಕರಿಗೆ ಅವರು ಕೊಟ್ಟ ತರಬೇತಿ. ಯಂತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಶಿಕ್ಷಕರೇ ಶಿಕ್ಷಕರಿಗೆ ಹೇಳಿಕೊಡುವ ಜಾಲ ಕಟ್ಟಿದರು.

ನಮ್ಮಲ್ಲಿ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜತೆಗೂಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾದಂಥವನ್ನು ಕಲಿಸಿತು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ದೊಡ್ಡ ಭಂಡಾರವನ್ನು ಶಿಕ್ಷಕರೊಡನೆ ಕಟ್ಟಿತು. ‘ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ’ದ ಸ್ವಯಂಸೇವಕರು ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ನಡೆಸಿ, ಐಟಿ ಕಂಪನಿಗಳ ನಗರದಲ್ಲಿ ಕಂಪ್ಯೂಟರ್ ಮುಟ್ಟಿರದ ಮಕ್ಕಳಿಗೆ ಹಳೆಯ ಯಂತ್ರಗಳಲ್ಲಿ ಜಿಂಪ್ ಕಲಿಸಿದರು, ಮಕ್ಕಳು ಅದರಲ್ಲಿ ಚಿತ್ರ ಬಿಡಿಸಿದರು. ಇವೆಲ್ಲ ನಡೆದದ್ದು ಕೆಲವರ ಹಟದಿಂದ. ರಾಜ್ಯದ ನೀತಿಯಾಗಿ ನಿಲ್ಲಲಿಲ್ಲ. ಜಗತ್ತಿನ ಲಿನಕ್ಸ್ ಸರ್ವರುಗಳನ್ನು ಸಂಭಾಳಿಸುವ ಸಾವಿರಾರು ಕೈಗಳು ವೈಟ್‌ಫೀಲ್ಡಿನಲ್ಲೂ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೂ ಇವೆ. ಅದೇ ರಾಜ್ಯದ ಸರ್ಕಾರಿ ಶಾಲೆಗಳ ಲ್ಯಾಬುಗಳಿಗೆ ಲಿನಕ್ಸ್ ನೀತಿಯಾಗಿ ಬಂದಿಲ್ಲ. ಇದನ್ನು ಸಹಜವೆಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಸರ್ಕಾರಗಳು ಇತ್ತ ತಿರುಗಲು ಈಚೆಗೆ ಹೊಸ ಕಾರಣವೂ ಸಿಕ್ಕಿದೆ. 2025ರ ಜುಲೈಯಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆಗಳು ಇದ್ದಕ್ಕಿದ್ದಂತೆ ನಿಂತವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಮರಳಿ ಬಂದವು. ನಮ್ಮ ನೆಲದ ಕಂಪನಿಯೊಂದರ ಮೇಲ್ ಇನ್ಯಾವುದೋ ನೆಲದ ತೀರ್ಮಾನಕ್ಕೆ ನಿಲ್ಲಬಹುದು ಎಂದು ಅಂದು ಎಲ್ಲರಿಗೂ ಅರ್ಥವಾಯಿತು. ನಮ್ಮ ರಕ್ಷಣಾ ಸಚಿವಾಲಯ 2023ರಲ್ಲೇ ಉಬುಂಟು ಆಧಾರಿತ ‘ಮಾಯಾ’ ವ್ಯವಸ್ಥೆಯತ್ತ ಹೆಜ್ಜೆ ಹಾಕಿತ್ತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಲಿಬ್ರೆಆಫೀಸಿಗೆ, ಮುಂದೆ ಲಿನಕ್ಸಿಗೆ ಒಯ್ಯುತ್ತೇವೆಂದು 2024ರಲ್ಲಿ ಪ್ರಕಟಿಸಿತು. ಅದೇ ದೇಶದ ಮ್ಯೂನಿಕ್ ನಗರ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಿಸಿ, 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿದ್ದನ್ನೂ ಹೇಳದಿದ್ದರೆ ಚಿತ್ರ ಅಪೂರ್ಣ. ಇನ್ನೊಂದು ಕಡೆ, ಫ್ರಾನ್ಸಿನ ಜಾಂದಾರ್ಮರಿ ಪೊಲೀಸರು 2008ರಿಂದ ಮೆಲ್ಲನೆ ಉಬುಂಟುಗೆ ಬಂದವರು ಇಂದಿಗೂ ಬಿಟ್ಟಿಲ್ಲ. ಅವರು ಮೊದಲು ಆಫೀಸು ತಂತ್ರಾಂಶ, ಬ್ರೌಸರು, ಮೇಲ್ ಬದಲಿಸಿ, ಜನರ ಕೈ ಪಳಗಿದ ಮೇಲೆ ಕೊನೆಗೆ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದರು. ಮನೆಯಲ್ಲಿ ಬದಲಿಸುವವರಿಗೂ ನಾನು ಹೇಳುವ ಕ್ರಮ ಅದೇ. ಇಂದು ವಿಂಡೋಸಿನಲ್ಲೇ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ ಹಾಕಿಕೊಂಡು ರೂಢಿ ಮಾಡಿಕೊಳ್ಳಿ. ಆರು ತಿಂಗಳಾದ ಮೇಲೆ ಕೆಳಗಿನ ನೆಲ ಬದಲಾದರೂ ಮನೆಯವರಿಗೆ ಗೊತ್ತಾಗುವುದಿಲ್ಲ.

ಕೆಲಸ ಮಾಡುವವರು ಯಾರು

ಮುಕ್ತ ತಂತ್ರಾಂಶವೆಂದರೆ ಬಿಡುವಿನ ವೇಳೆಯ ದಾನ ಎಂಬ ನಂಬಿಕೆ ಅರ್ಧ ಸತ್ಯ. ಲಿನಕ್ಸ್ ತಿರುಳಿಗೆ ಸಂಕೇತ ಬರೆಯುವವರಲ್ಲಿ ಬಹುಪಾಲು ಮಂದಿ ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಸಂಬಳದವರು. ಆದರೆ ಅದರ ಸುತ್ತಮುತ್ತಲಿನ ಎಷ್ಟೋ ಸಣ್ಣ ಭಾಗಗಳು ಒಬ್ಬಿಬ್ಬರ ಹೆಗಲ ಮೇಲಿವೆ. 2024ರ ಮಾರ್ಚಿನಲ್ಲಿ ಇದು ಭಯ ಹುಟ್ಟಿಸುವಂತೆ ಬಯಲಾಯಿತು. ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ಪುಟ್ಟ ತಂತ್ರಾಂಶವನ್ನು ದಣಿದಿದ್ದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುವ ನೆಪದಲ್ಲಿ ವರ್ಷಗಳ ಕಾಲ ನಂಬಿಕೆ ಗಳಿಸಿದ ಅನಾಮಿಕರು ಅದರೊಳಗೆ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರಿಗೆ, ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಅನುಮಾನ ಬಂತು. ಬೆನ್ನುಹತ್ತಿದರು, ಸಂಕೇತ ತೆರೆದೇ ಇತ್ತು, ಸಿಕ್ಕಿತು. ಹೆಚ್ಚಿನವರ ಯಂತ್ರಕ್ಕೆ ಮುಟ್ಟುವ ಮೊದಲೇ ತಡೆದರು. ಮುಕ್ತ ವ್ಯವಸ್ಥೆಯ ಬಲ, ಬಡತನ ಎರಡೂ ಇದೊಂದರಲ್ಲಿ ಕಾಣುತ್ತವೆ. ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ ಇಂಥ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಪ್ರಕಟಿಸಿದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಸಂಗತಿ. ಮುಕ್ತ ತಂತ್ರಾಂಶದ ಮೇಲೆ ಸಾಮ್ರಾಜ್ಯ ಕಟ್ಟಿದ ನಮ್ಮ ಉಳಿದ ಕಂಪನಿಗಳೂ ಇದನ್ನು ನೋಡಲಿ ಎಂಬುದು ನನ್ನ ಆಸೆ.

ಹಣಕ್ಕಿಂತ ಕನ್ನಡಕ್ಕೆ ಬೇಕಿರುವುದು ಸಮಯ ಕೊಡುವ ಜನ. ಗ್ನೋಮ್ ಎಂಬ ಪರದೆಯ ಪರಿಸರವನ್ನು ಕನ್ನಡಕ್ಕೆ ತರುವ ಕೆಲಸ ಒಂದು ಕಾಲದಲ್ಲಿ ಭರದಿಂದ ನಡೆದಿತ್ತು. ಈಗಿನ ಆವೃತ್ತಿಗಳನ್ನು ಕನ್ನಡದಲ್ಲಿ ತೆರೆದರೆ ಮೆನುಗಳ ನಡುವೆ ಇಂಗ್ಲಿಷ್ ಇಣುಕುತ್ತದೆ, ಏಕೆಂದರೆ ಹೊಸದಾಗಿ ಸೇರಿದ ಸಾಲುಗಳನ್ನು ಅನುವಾದಿಸುವವರು ಕಡಿಮೆಯಾದರು.

ಕಾಗುಣಿತ ತಪಾಸಣೆಯದ್ದು ಇದಕ್ಕಿಂತ ಕಷ್ಟದ, ಇದಕ್ಕಿಂತ ರುಚಿಯ ಕೆಲಸ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಕಾಗುಣಿತಕ್ಕೆ ಬಳಸುವುದು ಹನ್‌ಸ್ಪೆಲ್. ಹಂಗೇರಿಯ ಲಾಸ್ಲೋ ನೇಮೆತ್ ಅದನ್ನು ಬರೆದದ್ದು ತಮ್ಮ ನುಡಿಗಾಗಿ. ಹಂಗೇರಿಯನ್ ಕೂಡ ಕನ್ನಡದ ಹಾಗೆ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುವ ಭಾಷೆ. ಇಂಗ್ಲಿಷಿಗೆಂದು ಮಾಡಿದ ತಪಾಸಕಗಳು ಅದಕ್ಕೆ ಹೊಂದುತ್ತಿರಲಿಲ್ಲ. ಕನ್ನಡಕ್ಕೂ ಹನ್‌ಸ್ಪೆಲ್ ಪದಪಟ್ಟಿ ಇದೆ. ‘ಮನೆ’ ಅದಕ್ಕೆ ಗೊತ್ತು. ‘ಮನೆಯಲ್ಲಿದ್ದವರಿಗೂ’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ಯಾವ ಪದಕ್ಕೆ ಯಾವ ಪ್ರತ್ಯಯ, ಎಲ್ಲಿ ಯಕಾರಾಗಮ, ಎಲ್ಲಿ ವಕಾರಾಗಮ, ಎಲ್ಲಿ ಲೋಪ ಎಂದು ನಿಯಮಗಳ ಕಡತದಲ್ಲಿ ಒಂದೊಂದಾಗಿ ಬರೆಯಬೇಕು. ಪ್ರೋಗ್ರಾಮಿಂಗ್ ಬಂದರೆ ಸಾಲದು. ವ್ಯಾಕರಣ ಬಲ್ಲ ಮೇಷ್ಟರು ಪಕ್ಕದಲ್ಲಿ ಕೂರಬೇಕು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ ಒಂದು, ಇಂಜಿನಿಯರಿಂಗ್ ಕಾಲೇಜು ಒಂದು ಕೈಜೋಡಿಸಿದರೆ ಎಂ.ಎ. ವಿದ್ಯಾರ್ಥಿಗಳಿಗೆ ಪ್ರಬಂಧವೂ ಆದೀತು, ಕಡತವೂ ಆದೀತು. ಆ ಕಡತ ಈಗಲೂ ತೆರೆದೇ ಇದೆ. ಇಳಿಸಿಕೊಂಡು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದರೆ ಯಾವ ನಿಯಮ ಇದೆ, ಯಾವುದು ಇಲ್ಲ ಎಂದು ಕಾಣುತ್ತದೆ. ಸಪ್ತಮಿ ವಿಭಕ್ತಿಯಿಂದ ಶುರುಮಾಡುವುದು ಸುಲಭ.